ಸಂದಕ್‌ಫು ಶಿಖರ, ಹಟ್‌ನಲ್ಲಿ ರಾತ್ರಿ, ಗಂಡ-ಹೆಂಡತಿ ಇಬ್ಬರೇ: ಬೆಳಗಾವಿಯಿಂದ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ನವೆಂಬರ್‌ನಲ್ಲಿ ನಾನು, ನಮ್ಮ ಮನೆಯವರು ಇಬ್ಬರೇ ಸಂದಕ್‌ಫು ಹತ್ತಿ ಬಂದೆವು. ಬೆಳಗಾವಿಯಲ್ಲಿ ರಾಜ್ಯೋತ್ಸವದ ಮೆರವಣಿಗೆ ನೋಡಿ, ಮರುದಿನ ಸಂಜೆ ಚೀಲ ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿಗೆ ಹೋದೆವು. ವಾಪಸ್ ಬಂದ ಮೇಲೆ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ವಾಕಿಂಗ್ ಬರುವ ಗೆಳತಿಯರು, ನಮ್ಮ ಓಣಿಯವರು, ನಮ್ಮ ಮನೆಯವರ ಆಫೀಸಿನವರು ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳಿದರು. ಒಬ್ಬೊಬ್ಬರಿಗೆ ಹೇಳುವಾಗ ಒಂದೊಂದು ಮಾತು ಬಿಟ್ಟು ಹೋಗುತ್ತಿತ್ತು. ಅದಕ್ಕೇ ಎಲ್ಲವನ್ನೂ ಕೂತು ಬರೆದಿದ್ದೇನೆ.

ಸಂದಕ್‌ಫು ಎಲ್ಲಿದೆ? ಅದನ್ನೇ ಯಾಕೆ ಆರಿಸಿಕೊಂಡಿರಿ?

ಪಶ್ಚಿಮ ಬಂಗಾಳದ ಡಾರ್ಜಿಲಿಂಗ್ ಜಿಲ್ಲೆ, ನೇಪಾಳದ ಗಡಿಯ ಮೇಲೆಯೇ. ಎತ್ತರ 3,636 ಮೀಟರ್, ಆ ರಾಜ್ಯದಲ್ಲೇ ಅತಿ ಎತ್ತರದ ಜಾಗ. ನಮ್ಮ ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. ದಾರಿಯ ಬಹುಪಾಲು ಸಿಂಗಲೀಲಾ ರಾಷ್ಟ್ರೀಯ ಉದ್ಯಾನದ ಬೆಟ್ಟಸಾಲಿನ ನೆತ್ತಿಯ ಮೇಲೇ ಸಾಗುತ್ತದೆ.

ಆರಿಸಿಕೊಂಡಿದ್ದಕ್ಕೆ ಎರಡು ಕಾರಣ. ಡೇರೆ, ಒಲೆ, ಹಾಸಿಗೆ ಏನೂ ಹೊರಬೇಕಾಗಿಲ್ಲ. ಪ್ರತಿ ರಾತ್ರಿಯೂ ತಲೆಯ ಮೇಲೆ ಸೂರು, ಬಿಸಿ ಊಟ ಸಿಗುತ್ತದೆ. ಎರಡನೆಯದು, ಮೇಲೆ ನಿಂತರೆ ಜಗತ್ತಿನ ಅತಿ ಎತ್ತರದ ಐದು ಪರ್ವತಗಳಲ್ಲಿ ನಾಲ್ಕು ಕಾಣುತ್ತವೆ: ಎವರೆಸ್ಟ್, ಕಾಂಚನಜುಂಗಾ, ಲ್ಹೋತ್ಸೆ, ಮಕಾಲು. ಹಗ್ಗ ಹಿಡಿದು ಹತ್ತುವ ಕೆಲಸ ಎಲ್ಲಿಯೂ ಇಲ್ಲ. ನಡೆಯುವುದು, ನಿಧಾನಕ್ಕೆ ಏರುವುದು, ಅಷ್ಟೇ.

ಬೆಳಗಾವಿಯಿಂದ ಹೋಗುವುದು ಹೇಗೆ?

ನಾವು ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ವಿಮಾನದಲ್ಲಿ ಬಾಗ್‌ಡೋಗ್ರಾಕ್ಕೆ ಇಳಿದೆವು. ಪೂರ್ತಿ ರೈಲಲ್ಲೇ ಹೋಗುತ್ತೇವೆ ಅನ್ನುವವರು ಹುಬ್ಬಳ್ಳಿಯಿಂದ ಅಮರಾವತಿ ಎಕ್ಸ್‌ಪ್ರೆಸ್ ಹಿಡಿದು ಕೋಲ್ಕತ್ತ ಕಡೆ ಹೋಗಿ, ಸಿಯಾಲ್ದಾದಿಂದ ರಾತ್ರಿಯ ಡಾರ್ಜಿಲಿಂಗ್ ಮೇಲ್‌ನಲ್ಲಿ ನ್ಯೂ ಜಲ್ಪೈಗುರಿ ತಲುಪಬಹುದು. ದಿನ ಜಾಸ್ತಿ ಹಿಡಿಯುತ್ತದೆ. ಅಲ್ಲಿಂದ ಮಿರಿಕ್, ಸುಖಿಯಾಪೋಖ್ರಿ ಮೇಲಿಂದ ಜೀಪಿನಲ್ಲಿ ಮಾನೇಭಂಜನ್. ನಡಿಗೆ ಶುರುವಾಗುವುದು ಈ ಪುಟ್ಟ ಊರಿನಿಂದ.

ಮಾನೇಭಂಜನ್ ತಲುಪಿದ ದಿನವೇ ನಡೆಯಲು ಹೊರಡಬೇಡಿ. ಒಂದು ರಾತ್ರಿ ಅಲ್ಲೇ ಇರಿ. ಅದು ಸುಮಾರು 2,000 ಮೀಟರ್ ಎತ್ತರದ ಊರು, ಮೈ ಅಲ್ಲಿಂದಲೇ ಒಗ್ಗಿಕೊಳ್ಳಲು ಶುರು ಮಾಡುತ್ತದೆ.

ಯಾವ ತಿಂಗಳು ಒಳ್ಳೆಯದು?

ಬೆಟ್ಟ ಸ್ಪಷ್ಟ ಕಾಣಬೇಕು ಅಂದರೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ. ಹೂವು ನೋಡಬೇಕು ಅಂದರೆ ಏಪ್ರಿಲ್. ಆಗ ರೋಡೊಡೆಂಡ್ರಾನ್ ಮರಗಳು ಕೆಂಪು, ಗುಲಾಬಿ, ಬಿಳಿ ಹೂ ಬಿಟ್ಟಿರುತ್ತವೆ. ಆದರೆ ಮಧ್ಯಾಹ್ನಕ್ಕೆ ಮೋಡ ಕವಿಯುವುದೂ ಜಾಸ್ತಿ. ಜನವರಿ, ಫೆಬ್ರವರಿಯಲ್ಲಿ ಹಿಮ ಬೀಳಬಹುದು. ಮೊದಲ ಸಲ ಹೋಗುವ ಜೋಡಿಗೆ ಆ ತಿಂಗಳು ಬೇಡ ಅಂತಲೇ ನಾನು ಹೇಳುತ್ತೇನೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಗೆ ಉದ್ಯಾನ ಮುಚ್ಚಿರುತ್ತದೆ.

ಎಷ್ಟು ದಿನ ಬೇಕು? ಯಾವ ರಾತ್ರಿ ಎಲ್ಲಿ ಮಲಗಬೇಕು?

ಮೊದಲ ದಿನ ಮಾನೇಭಂಜನ್‌ನಿಂದ ಚಿತ್ರೆ, ಮೇಘ್ಮಾ ದಾಟಿ ತುಮ್ಲಿಂಗ್. ಅದು 2,970 ಮೀಟರ್. ಎರಡನೇ ದಿನ ಗೈರಿಬಾಸ್‌ಗೆ ಇಳಿದು, ಮತ್ತೆ ಏರಿ ಕಾಲಿಪೋಖ್ರಿ, 3,186 ಮೀಟರ್. ಮೂರನೇ ದಿನ ಬರೀ 6 ಕಿಲೋಮೀಟರ್, ಆದರೆ ಕಡಿದಾದ ಏರು. ಅದು ಮುಗಿದರೆ ಸಂದಕ್‌ಫು. ನಾಲ್ಕನೇ ದಿನ ಇನ್ನೊಂದು ಬದಿಯಿಂದ ಶ್ರೀಖೋಲಾಕ್ಕೆ ಇಳಿಯುವುದು.

ಹೀಗೆ ಹಂಚಿಕೊಂಡಿರುವುದಕ್ಕೆ ಕಾರಣ ಇದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು ಅಂತ ವೈದ್ಯರು ಹೇಳುತ್ತಾರೆ. ಕಾಲಿಪೋಖ್ರಿಯಿಂದ ಸಂದಕ್‌ಫು 450 ಮೀಟರ್. ಸರಿಯಾಗಿ ಹೊಂದುತ್ತದೆ. ಒಂದು ರಾತ್ರಿ ಉಳಿಸೋಣ ಅಂತ ಕಾಲಿಪೋಖ್ರಿ ಬಿಟ್ಟು ಓಡಬೇಡಿ. ಬದಲಿಗೆ ಒಂದು ದಿನ ಜಾಸ್ತಿಯೇ ಕೈಯಲ್ಲಿ ಇಟ್ಟುಕೊಳ್ಳಿ. ನಮಗೆ ಅದು ಬೇಕಾಯಿತು, ಮುಂದೆ ಹೇಳುತ್ತೇನೆ.

ನಮಗೆ ಬೆಟ್ಟ ಹತ್ತಿ ಅಭ್ಯಾಸವೇ ಇಲ್ಲ. ಆಗುತ್ತಾ?

ಮೂರು ತಿಂಗಳು ಮನಸ್ಸಿಟ್ಟು ತಯಾರಾದರೆ ಆಗುತ್ತದೆ. ನಾವು ದಿನಾ ಬೆಳಗ್ಗೆ ವ್ಯಾಕ್ಸಿನ್ ಡಿಪೋದಲ್ಲಿ ಒಂದು ತಾಸು ಬಿರುಸಾಗಿ ನಡೆದೆವು. ಭಾನುವಾರ ಯಳ್ಳೂರಿನ ರಾಜಹಂಸಗಡ. ಮೊದಲು ಖಾಲಿ ಕೈಯಲ್ಲಿ, ಆಮೇಲೆ ಬೆನ್ನಿನ ಚೀಲದಲ್ಲಿ ನೀರಿನ ಬಾಟಲಿ ತುಂಬಿಕೊಂಡು. ಒಂದೇ ದಿನ ಎರಡು ಸಲ ಹತ್ತಿ ಇಳಿಯುವಷ್ಟಾದಾಗ ನನಗೆ ಧೈರ್ಯ ಬಂತು. ಬಾಗಲಕೋಟೆ ಕಡೆಯವರಿಗೆ ಬಾದಾಮಿ ಕೋಟೆಯ ಮೆಟ್ಟಿಲುಗಳಿವೆ, ಅದಕ್ಕಿಂತ ಒಳ್ಳೆಯ ತಾಲೀಮು ಬೇಕಿಲ್ಲ. ವಿಜಯಪುರ ಸಪಾಟು ನೆಲ. ಅಲ್ಲಿಯವರು ಗೋಳಗುಮ್ಮಟದ ಮೆಟ್ಟಿಲು ಹತ್ತಬಹುದು, ಇಲ್ಲವೇ ಯಾವುದಾದರೂ ಎತ್ತರದ ಕಟ್ಟಡದಲ್ಲಿ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯಬಹುದು.

ಹತ್ತುವುದಷ್ಟೇ ಅಲ್ಲ, ಇಳಿಯುವುದನ್ನೂ ಅಭ್ಯಾಸ ಮಾಡಿ. ಮೊಣಕಾಲು ಹೈರಾಣಾಗುವುದು ಇಳಿಯುವಾಗ. ಬೂಟು ಹೊಸದಾದರೆ ಇಲ್ಲೇ ತಿಂಗಳುಗಟ್ಟಲೆ ಹಾಕಿ ಪಳಗಿಸಿಕೊಳ್ಳಿ. ಬಿಪಿ, ಹೃದಯ, ಅಸ್ತಮಾ, ರಕ್ತಹೀನತೆ ಏನಿದ್ದರೂ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ. ಗರ್ಭಿಣಿಯಾಗಿದ್ದರೆ ಈ ಪ್ರವಾಸ ಮುಂದಕ್ಕೆ ಹಾಕಿ.

ಇಬ್ಬರಲ್ಲಿ ಒಬ್ಬರು ಬೇಗ ನಡೆಯುತ್ತಾರೆ, ಇನ್ನೊಬ್ಬರು ನಿಧಾನ. ಏನು ಮಾಡುವುದು?

ನನ್ನನ್ನು ಕೇಳಿದರೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ನಿಧಾನ ನಡೆಯುವವರು ಮುಂದೆ ಇರಬೇಕು. ಬೇಗ ನಡೆಯುವವರು ಅವರ ಹಿಂದೆ. ಇದರಲ್ಲಿ ರಾಜಿ ಬೇಡ.

ನಾವು ಮೊದಲ ಎರಡು ದಿನ ಇದನ್ನು ಉಲ್ಟಾ ಮಾಡಿದೆವು. ನಮ್ಮ ಮನೆಯವರು ಉದ್ದ ಕಾಲಿನವರು. ನೂರು ಹೆಜ್ಜೆ ಮುಂದೆ ಹೋಗಿ ಕೂತು ಕಾಯುತ್ತಿದ್ದರು. ನಾನು ಏದುಸಿರು ಬಿಡುತ್ತಾ ತಲುಪುವ ಹೊತ್ತಿಗೆ ಅವರ ದಣಿವು ಆರಿರುತ್ತಿತ್ತು, ಎದ್ದು ಮತ್ತೆ ಹೊರಡುತ್ತಿದ್ದರು. ಅಂದರೆ ಅವರಿಗೆ ಹತ್ತು ಸಲ ವಿಶ್ರಾಂತಿ, ನನಗೆ ಒಂದೂ ಇಲ್ಲ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಗೈರಿಬಾಸ್ ಏರಿನಲ್ಲಿ ಮಂಜು ಮುಸುಕಿ, ಮುಂದಿನ ತಿರುವಿನಲ್ಲಿ ಅವರ ಕೆಂಪು ಜಾಕೆಟ್ ಕಾಣದೆ ಹೋದಾಗ ನನಗೆ ಅಳು ಬಂತು. ನಮ್ಮ ಗೈಡ್ ಹಿಂದೆಯೇ ಇದ್ದರು, ದಾರಿ ತಪ್ಪುವ ಭಯ ಇರಲಿಲ್ಲ. ಜೊತೆಗೆ ಬಂದು ಒಬ್ಬಳೇ ನಡೆಯುತ್ತಿದ್ದೇನೆ ಅನ್ನಿಸಿತು ನೋಡಿ, ಅದು ನೋವು.

ಅವತ್ತು ರಾತ್ರಿ ತಲೆನೋವು ಬಂದದ್ದು ಅವರಿಗೆ, ನನಗಲ್ಲ. ಬೇಗ ಏರಿದವರನ್ನೇ ಎತ್ತರದ ಕಾಯಿಲೆ ಮೊದಲು ಹಿಡಿಯುತ್ತದೆ. ಮರುದಿನದಿಂದ ನಾನು ಮುಂದೆ, ಅವರು ಹಿಂದೆ. ನಾನು ನಿಂತಾಗ ಇಬ್ಬರೂ ನಿಂತೆವು. ಮಾತಾಡಿಕೊಂಡು ನಡೆಯಲು ಆಗುವಷ್ಟೇ ವೇಗ. ಮಾತು ತುಂಡಾದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ.

ಎತ್ತರದ ಕಾಯಿಲೆ ಅಂದರೇನು? ಬಂದರೆ ಗೊತ್ತಾಗುವುದು ಹೇಗೆ?

ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅದೇ ನೂರಕ್ಕೆ 21. ಆದರೆ ಸಂದಕ್‌ಫುವಿನಲ್ಲಿ ಒಂದು ಉಸಿರಿಗೆ ಸಿಗುವುದು ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲಿಗಿಂತ ಸ್ವಲ್ಪ ಕಡಿಮೆ. ಮೈ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ಹೊತ್ತು ಬೇಕು. ಹೊತ್ತು ಕೊಡದಿದ್ದರೆ ತಲೆನೋವು, ವಾಕರಿಕೆ, ತಲೆಸುತ್ತು, ಊಟ ಬೇಡ ಅನ್ನಿಸುವುದು, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ.

ಕಾಲಿಪೋಖ್ರಿಯಲ್ಲಿ ರಾತ್ರಿ ಎಂಟರ ಹೊತ್ತಿಗೆ ಇವರು ಊಟದ ತಟ್ಟೆ ದೂರ ಸರಿಸಿದರು. "ಯಾಕ್ರೀ, ಏನಾತು?" ಅಂದೆ. "ತಲಿ ಭಾಳ ನೋಯಾಕತ್ತೈತಿ" ಅಂದರು. ಮೂವತ್ತು ಜನರ ಮದುವೆ ಊಟ ಬಡಿಸಿದರೂ ದಣಿವು ಅನ್ನದ ಮನುಷ್ಯ. ಗೈಡ್ ಬಂದು ಹಣೆ ಮುಟ್ಟಿ, ಕಣ್ಣು ನೋಡಿ, ಗೋಡೆ ಹಿಡಿಯದೆ ನೇರ ಗೆರೆಯಲ್ಲಿ ನಡೆಯಲು ಹೇಳಿದರು. ನಡೆದರು, ತೂರಾಡಲಿಲ್ಲ. "ನಾಳೆ ಬೆಳಗ್ಗೆಯೂ ನೋವಿದ್ದರೆ ಮೇಲೆ ಹೋಗುವುದಿಲ್ಲ, ಇಲ್ಲೇ ಇರುತ್ತೇವೆ. ಜಾಸ್ತಿಯಾದರೆ ರಾತ್ರಿಯೇ ಕೆಳಗೆ" ಅಂದರು. ಬೆಳಗ್ಗೆ ನೋವು ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಆ ದಿನ ಅಲ್ಲೇ ಉಳಿದೆವು. ನೀರು, ಸೂಪು, ಕೆರೆಯ ಸುತ್ತ ನಿಧಾನಕ್ಕೆ ಒಂದು ಸುತ್ತು. ಸಂಜೆಗೆ ಅವರಿಗೇ ಹಸಿವಾಯಿತು.

ನಿಯಮ ಇಷ್ಟೇ. ತಲೆನೋವು ಇರುವಾಗ ಇನ್ನೂ ಮೇಲೆ ಹೋಗಬೇಡಿ. ಕೂತಿದ್ದಾಗಲೂ ದಮ್ಮು ಹತ್ತುವುದು, ಕೆಮ್ಮು ಬಿಡದಿರುವುದು, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ಬೆಳಗಿನವರೆಗೂ ಕಾಯುವಂತಿಲ್ಲ, ಆಗಲೇ ಕೆಳಗೆ ಇಳಿಸಬೇಕು. ಈ ದಾರಿಯಲ್ಲಿ ಜೀಪು ಓಡಾಡುವುದು ಅಂಥ ಹೊತ್ತಿನಲ್ಲಿ ದೊಡ್ಡ ಆಸರೆ. ಎತ್ತರದ ಕಾಯಿಲೆಗೆ ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ಡಾಕ್ಟರ್ ಕೇಳದೆ ನುಂಗಬೇಡಿ. ಸಲ್ಫಾ ಔಷಧ ಒಗ್ಗದವರು ಅದನ್ನು ಮೊದಲೇ ಹೇಳಬೇಕು.

ಮತ್ತೊಂದು ಮಾತು. ಗಂಡಸರು ನೋವನ್ನು ಹೇಳುವುದಿಲ್ಲ. "ಏನಿಲ್ಲ, ಸುಮ್ನೆ ಸುಸ್ತು" ಅನ್ನುತ್ತಾರೆ. ದಿನಾ ಊಟದ ಹೊತ್ತಿಗೆ ಇಬ್ಬರೂ ಒಬ್ಬರನ್ನೊಬ್ಬರು ಕೇಳಬೇಕು, ಮುಚ್ಚಿಡದೆ ಹೇಳಬೇಕು. ಹೊರಡುವ ಮೊದಲೇ ಈ ಮಾತು ಕೊಟ್ಟು ತೆಗೆದುಕೊಳ್ಳಿ.

ಹಟ್ ಅಂದರೆ ಹೇಗಿರುತ್ತದೆ? ನಮ್ಮ ಗುಡಿಸಲಿನ ಹಾಗೆಯೇ?

ಇಲ್ಲ. ಕಲ್ಲು, ಮರದ ಹಲಗೆ, ತಗಡಿನ ಸೂರಿನ ಮನೆಗಳು. ಕೆಲವು ಸರ್ಕಾರದ ಟ್ರೆಕ್ಕರ್ಸ್ ಹಟ್, ಉಳಿದವು ಅಲ್ಲಿಯ ಕುಟುಂಬಗಳು ನಡೆಸುವ ವಸತಿ. ಇಬ್ಬರು ಮಲಗುವ ಸಣ್ಣ ಕೋಣೆಗಳಿವೆ, ಸಾಲಾಗಿ ಮಂಚ ಹಾಕಿದ ದೊಡ್ಡ ಕೋಣೆಗಳೂ ಇವೆ. ಎಲ್ಲರೂ ಸೇರುವುದು ಅಡುಗೆಮನೆಯಲ್ಲಿ, ಒಲೆಯ ಸುತ್ತ.

ಕಾಲಿಪೋಖ್ರಿಯ ಆ ಅಡುಗೆಮನೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಣ್ಣು ಸಾರಿಸಿದ ಒಲೆ, ಮೇಲೆ ತಂತಿಗೆ ನೇತುಹಾಕಿದ ಮಾಂಸದ ಪಟ್ಟಿಗಳು ಹೊಗೆಯಲ್ಲಿ ಕಪ್ಪಾಗಿದ್ದವು. ಹಿತ್ತಾಳೆ ಹಂಡೆಗಳನ್ನು ಗೋಡೆಗೆ ಸಾಲಾಗಿ ಜೋಡಿಸಿದ್ದರು, ಒಂದೊಂದೂ ಹುಣಸೆಹಣ್ಣು ಹಾಕಿ ಈಗಷ್ಟೇ ತಿಕ್ಕಿದ ಹಾಗೆ ಫಳಫಳ. ಮನೆಯೊಡತಿಯನ್ನು ಎಲ್ಲರೂ 'ದಿದಿ' ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆಕೆ ಕುಕ್ಕರ್‌ನಲ್ಲಿ ಅನ್ನಕ್ಕಿಟ್ಟರು. ಅಷ್ಟು ಎತ್ತರದಲ್ಲಿ ನೀರು 90 ಡಿಗ್ರಿಯ ಆಚೀಚೆಯಲ್ಲೇ ಕುದಿಯುತ್ತದೆ, ಬರೀ ಪಾತ್ರೆಯಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಇವರಿಗೆ ತಲೆನೋವು ಅಂತ ಗೊತ್ತಾದ ಮೇಲೆ ಆಕೆ ಕೇಳದೆಯೇ ಬೆಳ್ಳುಳ್ಳಿ ಸೂಪು ಮಾಡಿ ಎರಡು ಸಲ ತಂದಿಟ್ಟರು. ನನಗೆ ನೇಪಾಳಿ ಬರುವುದಿಲ್ಲ, ಆಕೆಗೆ ಹಿಂದಿ ಅಷ್ಟಕ್ಕಷ್ಟೆ. ಆದರೂ ನಾನು ಬೆಳ್ಳುಳ್ಳಿ ಸುಲಿದುಕೊಟ್ಟೆ, ಆಕೆ ನನ್ನ ಒದ್ದೆ ಸಾಕ್ಸ್ ತೆಗೆದುಕೊಂಡು ಒಲೆಯ ಮೇಲೆ ಹರವಿದರು.

ರಾತ್ರಿ ಎಷ್ಟು ಚಳಿ? ನಿದ್ದೆ ಬರುತ್ತಾ?

ಪ್ರತಿ 1,000 ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ತಂಪಾಗುತ್ತದೆ. ಬೆಳಗಾವಿಗೂ ಸಂದಕ್‌ಫುವಿಗೂ ನಡುವೆ 2,900 ಮೀಟರ್. ಎತ್ತರದ ಲೆಕ್ಕವೊಂದರಿಂದಲೇ ಸುಮಾರು 19 ಡಿಗ್ರಿ ಕಡಿಮೆ ಆಯಿತಲ್ವಾ? ಮೇಲೆ ಬೀಸುವ ಗಾಳಿ ಬೇರೆ. ನವೆಂಬರ್‌ನಲ್ಲಿ ನಾವು ಬೆಳಗ್ಗೆ ಎದ್ದಾಗ ಹೊರಗಿನ ಬಕೆಟ್ಟಿನ ನೀರಿನ ಮೇಲೆ ಗಾಜಿನಂಥ ಪದರ ಕಟ್ಟಿತ್ತು.

ಹೊದೆಯಲು ದಪ್ಪ ರಜಾಯಿ ಕೊಡುತ್ತಾರೆ, ತಲಾ ಎರಡು. ನಮ್ಮ ಕೌದಿಯ ಮೂರು ಪಟ್ಟು ಭಾರ. ಒಳಗೆ ಹೋದಾಗ ಮೊದಲು ಹಿಮದಷ್ಟೇ ತಣ್ಣಗಿರುತ್ತದೆ. ಅದಕ್ಕೆ ಉಪಾಯ: ಮಲಗುವ ಮುಂಚೆ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿಸಿ, ಮುಚ್ಚಳ ಬಿಗಿ ಮಾಡಿ, ಉಣ್ಣೆ ಸಾಕ್ಸ್‌ನೊಳಗೆ ಹಾಕಿ ಕಾಲಬುಡದಲ್ಲಿ ಇಟ್ಟುಕೊಳ್ಳಿ. ಬೆಳಗ್ಗೆ ಅದೇ ನೀರು ಕುಡಿಯಲು ಆಗುತ್ತದೆ. ನಡೆದ ಬಟ್ಟೆಯಲ್ಲೇ ಮಲಗಬೇಡಿ, ಬೆವರಿನ ಒದ್ದೆ ಮೈಯನ್ನು ಕೊರೆಯುತ್ತದೆ. ಒಣಗಿದ ಒಂದು ಜೊತೆ ಬಟ್ಟೆ ರಾತ್ರಿಗೆಂದೇ ಇಡಿ.

ದಯವಿಟ್ಟು ಇದನ್ನು ಮರೆಯಬೇಡಿ: ಚಳಿ ಅಂತ ಇದ್ದಿಲ ಅಗ್ಗಿಷ್ಟಿಕೆಯನ್ನು ಕೋಣೆಯೊಳಗೆ ಇಟ್ಟುಕೊಂಡು ಬಾಗಿಲು ಹಾಕಿ ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ.

ಮೊದಲ ರಾತ್ರಿ ಆಗಾಗ ಎಚ್ಚರವಾಗುವುದು ಸಹಜ, ಹೆದರಬೇಡಿ. ನಿದ್ದೆಮಾತ್ರೆ ಬೇಡ, ಕುಡಿತವೂ ಬೇಡ. ಅಲ್ಲಿ ತೊಂಗ್ಬಾ ಅಂತ ಸಿರಿಧಾನ್ಯ ಹುದುಗಿಸಿ ಮಾಡುವ ಬಿಸಿ ಪಾನೀಯ ಕೊಡುತ್ತಾರೆ. ಅದರ ಆಸೆಯನ್ನು ಕೆಳಗೆ ಇಳಿದ ದಿನಕ್ಕೆ ಇಟ್ಟುಕೊಳ್ಳಿ.

ಜೋಡಿಗೆ ಬೇರೆ ಕೋಣೆ ಸಿಗುತ್ತಾ? ಮದುವೆ ಸರ್ಟಿಫಿಕೇಟ್ ಕೇಳುತ್ತಾರಾ?

ನಮ್ಮನ್ನು ಎಲ್ಲಿಯೂ ಕೇಳಲಿಲ್ಲ. ಇಬ್ಬರದ್ದೂ ಗುರುತಿನ ಚೀಟಿ ನೋಡಿ, ಹೆಸರು ಬರೆದುಕೊಂಡರು. ಬೇರೆ ಕೋಣೆ ಸಿಗುತ್ತದೆ, ಆದರೆ ಜನ ಜಾಸ್ತಿ ಇರುವ ದಿನ ಸಂದಕ್‌ಫುವಿನಲ್ಲಿ ಸಿಗದೆಯೂ ಹೋಗಬಹುದು. ಹಲಗೆ ಗೋಡೆ, ಪಕ್ಕದ ಕೋಣೆಯವರು ಮಗ್ಗಲು ಬದಲಿಸಿದರೂ ಕೇಳಿಸುತ್ತದೆ.

ಮುಂಗಡ ಬುಕ್ ಮಾಡಬೇಕಾ?

ದಸರಾ, ದೀಪಾವಳಿ, ಡಿಸೆಂಬರ್ ರಜೆಯಲ್ಲಿ ಹೋಗುವುದಾದರೆ ಮಾಡಲೇಬೇಕು. ಆದರೆ ನಡುವಿನವರ ಮೂಲಕ ದುಡ್ಡು ಕಳಿಸುವಾಗ ಜಾಗ್ರತೆ. ನಾವು ಒಬ್ಬ ಬುಕಿಂಗ್ ಏಜೆಂಟರಿಗೆ ಪೂರ್ತಿ ಹಣ ಕೊಟ್ಟಿದ್ದೆವು. ಮೇಲೆ ಹೋಗಿ ನೋಡಿದರೆ ಆ ಮನೆಯವರಿಗೆ ನಮ್ಮ ಹೆಸರೇ ತಲುಪಿರಲಿಲ್ಲ. ಸಂಜೆ ನಾಲ್ಕೂವರೆ, ಕತ್ತಲಾಗುತ್ತಾ ಬಂದಿತ್ತು. ಗೈಡ್ ಪರಿಚಯದಿಂದ ಪಕ್ಕದಲ್ಲಿ ಕೋಣೆ ಸಿಕ್ಕಿತು, ಹಣ ಎರಡನೇ ಸಲ ಕೊಟ್ಟೆವು. ಉಳಿಯುವ ಮನೆಯವರ ಜೊತೆಗೇ ಫೋನಿನಲ್ಲಿ ಮಾತಾಡಿ, ಸ್ವಲ್ಪ ಮುಂಗಡ ಮಾತ್ರ ಕಳಿಸಿ, ಉಳಿದದ್ದನ್ನು ಅಲ್ಲಿ ಕೊಡಿ.

ಗೈಡ್ ಬೇಕೇ ಬೇಕಾ? ನೇಪಾಳ ದಾಟಲು ಏನು ಬೇಕು?

ನಡೆದು ಹೋಗುವವರಿಗೆ ಗೈಡ್ ಕಡ್ಡಾಯ. ಮಾನೇಭಂಜನ್‌ನಲ್ಲೇ ಗೊತ್ತು ಮಾಡಬಹುದು. ಕಡ್ಡಾಯ ಅಲ್ಲದಿದ್ದರೂ ನಾನು ಕರೆದುಕೊಂಡೇ ಹೋಗುತ್ತಿದ್ದೆ. ದಾರಿ ಭಾರತ, ನೇಪಾಳ ಎರಡರಲ್ಲೂ ಹಾದುಹೋಗುತ್ತದೆ. ತುಮ್ಲಿಂಗ್ ನೇಪಾಳದ ಊರು. ಸಶಸ್ತ್ರ ಸೀಮಾ ಬಲದ ಚೌಕಿಗಳಲ್ಲಿ ಗುರುತಿನ ಚೀಟಿ ತೋರಿಸಬೇಕು. ನೇಪಾಳಕ್ಕೆ ಭಾರತೀಯರು ತೋರಿಸಬೇಕಾದದ್ದು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ. ಬರೀ ಆಧಾರ್ ನೆಚ್ಚಿಕೊಂಡು ಹೋಗಬೇಡಿ. ಉದ್ಯಾನದ ಟಿಕೆಟ್, ಆರೋಗ್ಯ ತಪಾಸಣೆಯ ನಿಯಮ ಆಗಾಗ ಬದಲಾಗುತ್ತವೆ, ಹೊರಡುವ ವಾರ ಗೈಡ್‌ಗೆ ಫೋನ್ ಮಾಡಿ ಕೇಳಿ.

ಊಟ ಏನು? ನಾವು ಶುದ್ಧ ಸಸ್ಯಾಹಾರಿಗಳು.

ತೊಂದರೆ ಇಲ್ಲ. ಅನ್ನ, ಬೇಳೆ, ಆಲೂಗಡ್ಡೆ ಪಲ್ಯ, ಸೊಪ್ಪು ಎಲ್ಲಾ ಕಡೆ ಸಿಗುತ್ತದೆ. ತರಕಾರಿ ಮೊಮೊ, ಥುಕ್ಪಾ ಅನ್ನುವ ಶಾವಿಗೆ ಸೂಪು ಕೂಡ. ಒಂದೇ ಅಡುಗೆಮನೆಯಲ್ಲಿ ಮಾಂಸವೂ ಬೇಯುತ್ತದೆ, ಅದು ಒಗ್ಗದವರು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮನೆಯಿಂದ ಏನಾದರೂ ಒಯ್ಯುವುದಾದರೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ. ಹಗುರ, ಕೆಡುವುದಿಲ್ಲ. ಅತ್ತೆಯವರು ಇಪ್ಪತ್ತು ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು. ಅರ್ಧ ಪುಡಿಯಾದವು. ಆ ಪುಡಿಯನ್ನೇ ಬಿಸಿ ಬೇಳೆಯಲ್ಲಿ ಹಾಕಿಕೊಂಡು ತಿಂದೆವು. ದಿದಿಗೂ ಒಂದು ಕೊಟ್ಟೆ. ಆಕೆ ಮುರಿದು, ಶೇಂಗಾ ಚಟ್ನಿ ಹಚ್ಚಿ, ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಪೂರ್ತಿ ತಿಂದರು. ದಾರಿಗೆ ನಮಗೆ ಛುರ್ಪಿ ಕಟ್ಟಿಕೊಟ್ಟರು. ಅದು ಕಲ್ಲಿನಷ್ಟು ಗಟ್ಟಿ ಒಣ ಚೀಸ್, ಒಂದು ತುಂಡು ಬಾಯಲ್ಲಿ ತಾಸುಗಟ್ಟಲೆ ಇರುತ್ತದೆ.

ಶೌಚ, ಸ್ನಾನ, ಮುಟ್ಟಿನ ದಿನಗಳು?

ಶೌಚಾಲಯ ಇವೆ, ಬಹಳ ಕಡೆ ಎಲ್ಲರಿಗೂ ಸೇರಿ ಒಂದೋ ಎರಡೋ. ರಾತ್ರಿ ಹೊರಗೆ ಹೋಗಲು ಹಣೆಗೆ ಕಟ್ಟುವ ಬ್ಯಾಟರಿ ಬೇಕು. ಬಿಸಿನೀರಿನ ಬಕೆಟ್ಟಿಗೆ ದುಡ್ಡು ಕೊಡಬೇಕು, ಅಲ್ಲಿ ನೀರೂ ಉರುವಲೂ ಸುಲಭಕ್ಕೆ ಸಿಗುವುದಿಲ್ಲ. ಮೇಲೆ ಸ್ನಾನ ಬಿಟ್ಟುಬಿಡಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡರೆ ಸಾಕು. ನಾನು ಎರಡನೇ ದಿನ ಮುಟ್ಟಾದೆ. ನಡೆಯಲು ಅಡ್ಡಿಯಾಗಲಿಲ್ಲ, ಆದರೆ ಚೀಲದ ಭಾರ ಇವರು ತೆಗೆದುಕೊಂಡರು. ಬಳಸಿದ ಪ್ಯಾಡ್ ಹಾಕಲು ಬಿಗಿಯಾಗಿ ಮುಚ್ಚುವ ಚೀಲ ಒಯ್ಯಿರಿ, ಕೆಳಗಿನ ಊರಿಗೇ ತಂದು ಹಾಕಿ. ಎಲ್ಲಾ ಪ್ಲಾಸ್ಟಿಕ್ಕಿಗೂ ಇದೇ ಮಾತು.

ಫೋನ್, ದುಡ್ಡು?

ಸಿಗ್ನಲ್ ಬಂದು ಹೋಗುತ್ತದೆ. ನಗದು ಸುಖಿಯಾಪೋಖ್ರಿ ಅಥವಾ ಡಾರ್ಜಿಲಿಂಗ್‌ನಲ್ಲೇ ತೆಗೆದುಕೊಳ್ಳಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಫೋನನ್ನು ರಜಾಯಿಯೊಳಗೇ ಇಟ್ಟುಕೊಂಡು ಮಲಗಿ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ಆ ಕಡೆಯ ಸಿಗ್ನಲ್ ಹಿಡಿದರೆ ಫೋನಿನ ಸಮಯ ತಾನೇ ಬದಲಾಗುತ್ತದೆ. ಸೂರ್ಯೋದಯಕ್ಕೆ ಅಲಾರಾಂ ಇಡುವಾಗ ಇದು ನೆನಪಿರಲಿ.

ಜೀಪಿನಲ್ಲೇ ಮೇಲಕ್ಕೆ ಹೋಗಬಹುದಲ್ವಾ?

ಹೋಗಬಹುದು. ಹಳೇ ಲ್ಯಾಂಡ್ ರೋವರ್‌ಗಳು ಆ ದಾರಿಗೆ ಹೆಸರುವಾಸಿ. ಮೊಣಕಾಲು ನೋವಿರುವವರಿಗೆ ಅದೂ ಒಳ್ಳೆಯ ದಾರಿಯೇ. ಆದರೆ ಒಂದೇ ದಿನ 3,636 ಮೀಟರಿಗೆ ಏರಿ ಅಲ್ಲೇ ಮಲಗುವುದು ಮೈಗೆ ಅಪಾಯ, ನಡುವೆ ತುಮ್ಲಿಂಗ್‌ನಲ್ಲಿ, ಕಾಲಿಪೋಖ್ರಿಯಲ್ಲಿ ಒಂದೊಂದು ರಾತ್ರಿ ನಿಲ್ಲಿ.

ಶಿಖರದ ಬೆಳಗು ಹೇಗಿರುತ್ತದೆ?

ಸಂದಕ್‌ಫು ನಮ್ಮೂರಿಗಿಂತ ಬಹಳ ಪೂರ್ವಕ್ಕಿದೆ. ಅಲ್ಲಿ ಸೂರ್ಯ ನಮಗಿಂತ ಮುಕ್ಕಾಲು ತಾಸು, ಒಂದು ತಾಸು ಮೊದಲೇ ಬರುತ್ತಾನೆ. ಐದಕ್ಕೆ ಎದ್ದೆವು. ಇದ್ದ ಬಟ್ಟೆಯನ್ನೆಲ್ಲ ಹಾಕಿಕೊಂಡು, ಮೇಲೆ ಒಂದೇ ಶಾಲನ್ನು ಇಬ್ಬರೂ ಹೊದ್ದು ನಿಂತೆವು. ಮೊದಲು ಬೂದು ಬಣ್ಣದ ಗೆರೆ. ಆಮೇಲೆ ಉತ್ತರಕ್ಕೆ ಕಾಂಚನಜುಂಗಾದ ತುದಿಗೆ ಕುಂಕುಮ ಹಚ್ಚಿದ ಹಾಗೆ ಒಂದು ಚುಕ್ಕೆ. ಚುಕ್ಕೆ ಕೆಳಗೆ ಇಳಿಯುತ್ತಾ ಕಿತ್ತಳೆ, ಆಮೇಲೆ ಬಂಗಾರ, ಆಮೇಲೆ ಅಚ್ಚ ಬಿಳಿ. ಇಡೀ ಸಾಲು ಮಲಗಿದ ಬುದ್ಧನ ಹಾಗೆ ಕಾಣುತ್ತದೆ: ಕುಂಭಕರ್ಣ ಪರ್ವತ ಮುಖ, 8,586 ಮೀಟರಿನ ಕಾಂಚನಜುಂಗಾ ಮೈ, ಪಂಡಿಮ್ ಪಾದ.

ಎವರೆಸ್ಟ್ ವಾಯುವ್ಯದ ಕಡೆ, ದೂರದಲ್ಲಿ. ಮಕಾಲು ಹತ್ತಿರ ಇರುವುದರಿಂದ ಅದೇ ದೊಡ್ಡದಾಗಿ ಕಾಣುತ್ತದೆ, ಬಹಳ ಜನ ಅದನ್ನೇ ಎವರೆಸ್ಟ್ ಅಂದುಕೊಳ್ಳುತ್ತಾರೆ. ಗೈಡ್ ಬೆರಳು ತೋರಿಸಿದ ಕಡೆ ನೋಡಿದೆ. ಅದರ ಹಿಂದೆ ಸಣ್ಣ ತ್ರಿಕೋನ. ಇವರು ನನ್ನ ಕೈ ಹಿಡಿದುಕೊಂಡರು, ಏನೂ ಮಾತಾಡಲಿಲ್ಲ. ಉಣ್ಣೆಯ ಕೈಗವಸಿನ ಮೇಲಿಂದಲೂ ಅವರ ಬೆರಳು ನಡುಗುತ್ತಿದ್ದದ್ದು ಗೊತ್ತಾಯಿತು.

ಮೋಡ ಇದ್ದು ಏನೂ ಕಾಣದಿದ್ದರೆ?

ಆಗಬಹುದು. ಅದಕ್ಕೇ ಆಗುವುದಾದರೆ ಮೇಲೆ ಎರಡು ರಾತ್ರಿ ಇಡಿ. ನಮಗೆ ಸಿಕ್ಕ ಒಂದು ವಯಸ್ಸಾದ ಜೋಡಿ ಎರಡು ದಿನ ಮಂಜಿನಲ್ಲೇ ಕೂತಿದ್ದು, ಮೂರನೇ ಬೆಳಗ್ಗೆ ಬೆಟ್ಟಗಳನ್ನು ಕಂಡರು.

ಕಾಡಿನಲ್ಲಿ ಏನೇನು ಕಾಣುತ್ತದೆ?

ಕೆಂಪು ಪಾಂಡಾ ಇರುವ ಕಾಡು ಅದು. ನಮಗೆ ಕಾಣಲಿಲ್ಲ. ಬಿದಿರಿನ ಮೆಳೆ, ಪಾಚಿ ಕಟ್ಟಿದ ಮರಗಳು, ಬೌದ್ಧರ ಮಂತ್ರದ ಬಾವುಟಗಳು ಉದ್ದಕ್ಕೂ. ಕಾಲಿಪೋಖ್ರಿ ಅಂದರೆ ಕಪ್ಪು ಕೆರೆ, ಅದರ ನೀರು ಹೆಪ್ಪುಗಟ್ಟುವುದಿಲ್ಲ ಅಂತ ಅಲ್ಲಿಯವರು ನಂಬುತ್ತಾರೆ, ಪೂಜೆ ಮಾಡುತ್ತಾರೆ. ಅದರಲ್ಲಿ ಕೈಕಾಲು ತೊಳೆಯಬೇಡಿ. ಅದರಾಚೆಯ ಬಿಖೇಭಂಜನ್ ಹೆಸರಿನಲ್ಲೇ ವಿಷ ಇದೆ. ಆ ಕಡೆ ವತ್ಸನಾಭಿ ಜಾತಿಯ ಗಿಡಗಳು ಬೆಳೆಯುತ್ತವೆ, ಗಿಡ ಕಿತ್ತು ಬಾಯಿಗೆ ಹಾಕುವ ಅಭ್ಯಾಸ ಬೇಡ.

ಇಳಿಯುವುದು ಸುಲಭವಾ?

ನನಗೆ ಹತ್ತುವುದಕ್ಕಿಂತ ಕಷ್ಟವಾಯಿತು. ಗುರ್ದುಮ್ ಮೇಲಿಂದ ಶ್ರೀಖೋಲಾಕ್ಕೆ ಒಂದೇ ದಿನ 1,600 ಮೀಟರಿಗೂ ಜಾಸ್ತಿ ಇಳಿಯಬೇಕು, ಬೇರು, ಒದ್ದೆ ಎಲೆ, ಜಾರುವ ಮಣ್ಣು. ಇಬ್ಬರಿಗೂ ಎರಡೆರಡು ಊರುಗೋಲು ಇರಲಿ. ಹೆಜ್ಜೆ ಸಣ್ಣದಿರಲಿ, ಮೊಣಕಾಲು ಸ್ವಲ್ಪ ಬಗ್ಗಿರಲಿ. ಬೂಟಿನ ಲೇಸು ಪಾದದ ಮೇಲೆ ಬಿಗಿ ಮಾಡಿ, ಇಲ್ಲದಿದ್ದರೆ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಕೆಳಗೆ ಹೊಳೆ, ಅದರ ಮೇಲೆ ತೂಗುಸೇತುವೆ. ಬೂಟು ಬಿಚ್ಚಿ ಆ ನೀರಿನಲ್ಲಿ ಕಾಲಿಟ್ಟು ಅರ್ಧ ತಾಸು ಕೂತೆವು. ಅಲ್ಲಿಂದ ಮುಂದಿನ ಊರಾದ ರಿಂಬಿಕ್‌ನಿಂದ ಡಾರ್ಜಿಲಿಂಗ್ ಕಡೆ ಜೀಪು ಸಿಗುತ್ತದೆ, ಬೆಳಗ್ಗೆ ಬೇಗ ಹೊರಡುತ್ತವೆ.

ಅಷ್ಟು ದೂರ ಹೋಗುವ ಮೊದಲು ಹತ್ತಿರದಲ್ಲಿ ಒಂದು ಶಿಖರ ಹತ್ತಿ ನೋಡಬಹುದಾ?

ಕಳಸೂಬಾಯಿ ಮಾಡಿ. 1,646 ಮೀಟರ್, ಮಹಾರಾಷ್ಟ್ರದ ಅತಿ ಎತ್ತರದ ಶಿಖರ. ಪುಣೆ, ಸಂಗಮನೇರ್, ಅಕೋಲೆ ಮೇಲಿಂದ ಬಾರಿ ಎಂಬ ಹಳ್ಳಿ ತಲುಪಿ, ರಾತ್ರಿ ಊರವರ ಮನೆಯಲ್ಲೇ ಉಳಿದು, ನಸುಕಿನಲ್ಲಿ ಹತ್ತಬಹುದು. ಕಡಿದಾದ ಕಡೆ ಕಬ್ಬಿಣದ ಏಣಿಗಳಿವೆ, ಮೇಲೆ ದೇವಿಯ ಪುಟ್ಟ ಗುಡಿ. ನಾವು ಸೆಪ್ಟೆಂಬರ್‌ನಲ್ಲಿ ಹೋಗಿದ್ದೆವು. ಇವರು ಅಲ್ಲಿಯೂ ಮುಂದೆಯೇ ನಡೆದರು. ಆಗಲೇ ನಾನು ಹೇಳಬೇಕಿತ್ತು. ಏಪ್ರಿಲ್‌ನಲ್ಲಿ ಹೂವಿಗೆಂದು ಮತ್ತೆ ಸಂದಕ್‌ಫುವಿಗೆ ಹೊರಟಿದ್ದೇವೆ, ಈ ಸಲ ಅಲ್ಲಿಂದ ಮುಂದೆ 21 ಕಿಲೋಮೀಟರ್ ದೂರದ ಫಾಲುಟ್‌ವರೆಗೆ. ರಾಜಹಂಸಗಡದ ಏರಿನಲ್ಲಿ ಈಗ ನಾನು ಮುಂದೆ.